ಅಪ್ಪನ ಹಳೇ 1035: ಎಂಜಿನ್ ಬಿಚ್ಚಿದ್ದೇನೆ, ವೈರಿಂಗ್ ತಲೆ ತಿನ್ನುತ್ತಿದೆ

ಚನ್ನಗಿರಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮ್ಯಾಸ್ಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇದೆ. ಅಪ್ಪ 1987ರಲ್ಲಿ ತೆಗೆದುಕೊಂಡಿದ್ದು. ಅಡಿಕೆ ತೋಟಕ್ಕೆ ಗೊಬ್ಬರ ಹೊಡೆಯುವುದು, ಗದ್ದೆ ಕೆಸರು ಮಾಡುವುದು, ಮದುವೆ ದಿಬ್ಬಣ, ಎಲ್ಲಾ ಇದರಲ್ಲೇ. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ರೋಟರಿ ಪಂಪ್. ಎರಡು ವರ್ಷದಿಂದ ಬ್ಯಾಕ್ ಕಂಪ್ರೆಶನ್ ಜಾಸ್ತಿ, ಅಂದರೆ ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗೆ ನುಸುಳುತ್ತದೆ. ಬ್ರೀದರ್ ಪೈಪಿನಲ್ಲಿ ಅನ್ನದ ಪಾತ್ರೆ ಥರ ಹೊಗೆ ಏಳುತ್ತದೆ. ಉಳುಮೆಗೆ ಬಿಟ್ಟರೆ ದಿನಕ್ಕೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇದೆಯಲ್ಲ, ಅಲ್ಲಿಂದಲೂ ಆಯಿಲ್ ತೊಟ್ಟಿಕ್ಕುತ್ತದೆ.

ಕೊಯ್ಲು ಮುಗಿಯಿತು ಅಂತ ಹೆಡ್ ಇಳಿಸಿ, ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ, ಪಿಸ್ಟನ್ ಹೊರಗೆ ತೆಗೆದಿದ್ದೇನೆ. ಬೋರಿನ (ಪಿಸ್ಟನ್ ಓಡುವ ಕೊಳವೆಯ) ಮೇಲ್ತುದಿಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಆಗಿದೆ. ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ರಾಡ್ ಕೂರುವ ಕ್ರ್ಯಾಂಕಿನ ಭಾಗ) ಮೇಲೆ ಗೆರೆ ಇದೆ. ಇದರ ಜೊತೆಗೆ ವೈರಿಂಗ್ ಬೇರೆ ಹಾಳಾಗಿದೆ. ಯಾವಾಗಲೋ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದಾರೆ. ಕಟ್‌ಔಟ್ ಡಬ್ಬಿ (ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ಹೋಗದಂತೆ ತಡೆಯುವುದು) ಅಲ್ಲೇ ಇದೆ, ಆದರೆ ಅದಕ್ಕೆ ವೈರೇ ಇಲ್ಲ. ಬ್ಯಾಟರಿ ಎರಡು ದಿನ ನಿಂತರೆ ಸತ್ತು ಹೋಗುತ್ತದೆ. ಎಂಜಿನ್ ಬಿಸಿಯಾದರೆ ಸೆಲ್ಫ್ ಎಮ್ಮೆ ಥರ ತಿರುಗುತ್ತದೆ. ಇಷ್ಟು ದಿನ ಇಳಿಜಾರಿನಲ್ಲಿ ನಿಲ್ಲಿಸಿ ತಳ್ಳಿಯೇ ಕಾಲ ಹಾಕಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಗದಗ ಎರೆಹೊಲ:
ಅಣ್ಣಾರ, ಬೇಜಾರು ಮಾಡಿಕೊಳ್ಳಬೇಡಿ. ಇದಕ್ಕೆ ಸುರಿಯುವ ದುಡ್ಡನ್ನು ಮುಂಗಡ ಕಟ್ಟಿದರೆ ಸೆಕೆಂಡ್ ಹ್ಯಾಂಡಿನಲ್ಲಿ ಒಳ್ಳೆ ಗಾಡಿ ಬರುತ್ತದೆ, ಅಲ್ವಾ?

ಹುಬ್ಬಳ್ಳಿ ಲೇತ್:
ಸೆಕೆಂಡ್ ಹ್ಯಾಂಡಿನಲ್ಲಿ ಬರುವುದೂ ಇಂಥದ್ದೇ ರೀ, ಬೋರ್ ಹೋಗಿದ್ದು ನಿಮಗೆ ಕಾಣುವುದಿಲ್ಲ ಅಷ್ಟೇ. ಇವರ ಗಾಡಿ ಬಿಚ್ಚಿಟ್ಟಿದ್ದಾರೆ, ಕಣ್ಣಿಗೆ ಕಾಣುತ್ತಿದೆ. ನನ್ನ ಕೇಳಿದರೆ ಇದನ್ನೇ ಮಾಡಿ.

ಆದರೆ ಮೊದಲು ಅಳತೆ. ಉಗುರು ಸಿಕ್ಕಿತು, ಗೆರೆ ಕಂಡಿತು ಅಂತ ಸಾಮಾನು ತರಬೇಡಿ. ಬೋರ್ ಗೇಜ್ ಇರುವ ಲೇತಿಗೆ ಬ್ಲಾಕ್ ಒಯ್ಯಿರಿ. ಸಿಂಪ್ಸನ್ ಎಂಜಿನ್ನಿನ ಮೂಲ ಇಂಗ್ಲೆಂಡಿನ ಪರ್ಕಿನ್ಸ್. ಈ ಪರ್ಕಿನ್ಸ್ ಮನೆತನದ ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 127 ಮಿ.ಮೀ. ಆದರೆ ಬೋರ್ ಎರಡು ಥರ ಬರುತ್ತದೆ: 88.9 ಒಂದು, 91.44 ಇನ್ನೊಂದು. ಅಂಗಡಿಯಲ್ಲಿ 'ಮ್ಯಾಸ್ಸಿ ಕಿಟ್ ಕೊಡಿ' ಅಂದರೆ ಅವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ. ಹಳೇ ಪಿಸ್ಟನ್ ಜೊತೆಗೆ ಒಯ್ದು ಪಕ್ಕಕ್ಕೆ ಇಟ್ಟು ನೋಡಿ. ರಿಂಗ್ ಎಷ್ಟಿವೆ, ಪಿನ್ ದಪ್ಪ ಎಷ್ಟು, ಪಿನ್ನಿನಿಂದ ತಲೆವರೆಗೆ ಎತ್ತರ ಎಷ್ಟು, ಮೂರೂ ಹೊಂದಬೇಕು. ಆ ಎತ್ತರ ಕೊಂಚ ಜಾಸ್ತಿ ಆದರೂ ಪಿಸ್ಟನ್ ಹೆಡ್ಡಿಗೆ ಮುತ್ತು ಕೊಡುತ್ತದೆ.

ಪ್ರತಿ ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಸವೆತ ಯಾವಾಗಲೂ ಮೇಲಿನ ರಿಂಗ್ ನಿಲ್ಲುವ ಜಾಗದಲ್ಲೇ ಜಾಸ್ತಿ. ಅಲ್ಲಿ ಬೆಂಕಿ ಇರುತ್ತದೆ, ಆಯಿಲ್ ಕಡಿಮೆ. ಕ್ರ್ಯಾಂಕ್ ಪಿನ್ನನ್ನೂ ಹಾಗೇ, ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್ ಹಾಕಿ ಓವಲ್ ಎಷ್ಟು ಅಂತ ಬರೆದುಕೊಳ್ಳಿ. ಹಳೇ ಬೇರಿಂಗ್ ಬೆನ್ನ ಮೇಲೆ 10 ಅಥವಾ 20 ಅಂತ ಅಚ್ಚಾಗಿರುತ್ತದೆ, ಅದು ಥೌ ಲೆಕ್ಕ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಅದನ್ನು ನೋಡಿದರೆ ಹಿಂದೆ ಯಾರಾದರೂ ಗ್ರೈಂಡ್ ಮಾಡಿಸಿದ್ದಾರೋ ಇಲ್ಲವೋ ಗೊತ್ತಾಗುತ್ತದೆ.

ಚನ್ನಗಿರಿ ತೋಟ:
ಲೇತಿಗೆ ಹೋಗಿ ಬಂದೆ ಸರ್. ತಳದಲ್ಲಿ ಸವೆಯದ ಜಾಗ 88.92, ಅಂದರೆ ನನ್ನದು ಚಿಕ್ಕ ಬೋರಿನದ್ದು. ಮೇಲೆ ಒಂದನೇ ಸಿಲಿಂಡರಿನಲ್ಲಿ 89.18, ಉಳಿದ ಎರಡರಲ್ಲಿ 89.14 ಹತ್ತಿರ. ಅಂದರೆ 10 ಥೌ ಸವೆದಿದೆ. ಬೇರಿಂಗ್ ಬೆನ್ನಲ್ಲಿ 10 ಅಂತ ಇದೆ, ಪಿನ್ ಓವಲ್ 3 ಥೌ. ಅಪ್ಪನನ್ನು ಕೇಳಿದರೆ 'ಹೌದು, ನೀನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಬಿಚ್ಚಿಸಿದ್ದೆ' ಅಂದರು. ಇದನ್ನು ಮೊದಲೇ ಹೇಳಬಾರದಾ!

ಹುಬ್ಬಳ್ಳಿ ಲೇತ್:
ಹಾಗಾದರೆ ಯೋಚನೆ ಮಾಡುವಂಥದ್ದೇನೂ ಇಲ್ಲ. ಸ್ಲೀವ್, ಪಿಸ್ಟನ್, ರಿಂಗ್ ಹೊಸದು. ಕ್ರ್ಯಾಂಕ್ 20ಕ್ಕೆ ಗ್ರೈಂಡ್. ಇದಾದ ಮೇಲೆ 30 ಒಂದು ಉಳಿಯುತ್ತದೆ, ಅದು ನಿಮ್ಮ ಮಗನಿಗೆ.

ಇದರಲ್ಲಿ ಇರುವುದು ಡ್ರೈ ಸ್ಲೀವ್. ನೀರಿಗೆ ತಾಗುವುದಿಲ್ಲ, ಬ್ಲಾಕಿನ ಗೋಡೆಗೆ ಒತ್ತಿ ಕೂರುತ್ತದೆ. ಹಾಗಾಗಿ ಸ್ಲೀವ್ ಮತ್ತು ಬ್ಲಾಕಿನ ನಡುವೆ ಒಂದು ಚೂರು ತುಕ್ಕು ಉಳಿದರೂ ಅಲ್ಲಿ ಶಾಖ ನಿಲ್ಲುತ್ತದೆ, ಆ ಜಾಗದಲ್ಲಿ ಪಿಸ್ಟನ್ ಕಚ್ಚುತ್ತದೆ. ಹಳೇದನ್ನು ಪ್ರೆಸ್ಸಿನಲ್ಲಿ ತೆಗೆಸಿ. ಸುತ್ತಿಗೆ ಹಿಡಿದು ಬರುವವನನ್ನು ಮನೆಗೆ ಕಳಿಸಿ. ಹೊಸದು ಒತ್ತಿದ ಮೇಲೆ ಮತ್ತೆ ಗೇಜ್ ಹಾಕಿಸಿ, ಏಕೆಂದರೆ ಒತ್ತಿದಾಗ ಸ್ಲೀವ್ ಕೊಂಚ ಬಿಗಿಯಾಗುತ್ತದೆ. ಬೋರ್ ಹೊಡೆಸಿ, ಆಮೇಲೆ ಹೋನಿಂಗ್, ಅಂದರೆ ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವುದು. ಗೋಡೆ ಕನ್ನಡಿ ಥರ ಹೊಳೆಯಬಾರದು. ಅಡ್ಡಡ್ಡ ಗೆರೆ ಕಾಣಬೇಕು, ಆ ಗೆರೆಯಲ್ಲೇ ಆಯಿಲ್ ನಿಲ್ಲುವುದು. ಕೊನೆಗೆ ಸೋಪು ನೀರಿನಲ್ಲಿ ಬಟ್ಟೆ ಒಗೆದ ಹಾಗೆ ತಿಕ್ಕಿ ತೊಳೆಯಿರಿ. ಡೀಸೆಲ್‌ನಲ್ಲಿ ತೊಳೆದರೆ ಹೋನಿಂಗ್ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಿಳಿಯಾಗೇ ಉಳಿಯಬೇಕು. ಒಣಗಿದ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ಸಂಜೆಗೇ ತುಕ್ಕು.

ಇನ್ನು ಕ್ರ್ಯಾಂಕಿನ ಹಿಂದಿನ ತುದಿಯ ಆಯಿಲ್ ಸೀಲ್. ನಿಮ್ಮ ಕ್ಲಚ್ ಹೌಸಿಂಗ್ ತೂತಿನಿಂದ ಸೋರುವುದು ಅದೇ. ಇದರಲ್ಲಿ ಹಗ್ಗದ ಸೀಲ್ ಬರುತ್ತದೆ, ಎರಡು ಅರ್ಧ ಹೌಸಿಂಗಿನಲ್ಲಿ. ಹೌಸಿಂಗನ್ನು ವೈಸಿಗೆ ಹಾಕಿ, ಮೊದಲು ಎರಡೂ ತುದಿಯಲ್ಲಿ ಒಂದೊಂದು ಇಂಚು ಹಗ್ಗ ಒತ್ತಿ ಕೂರಿಸಿ. ನಡುವೆ ಉಬ್ಬಿದ ಭಾಗವನ್ನು ಆಮೇಲೆ ಬೆರಳಲ್ಲಿ ಒತ್ತುತ್ತಾ ಬನ್ನಿ. ತುದಿಗಳು ಹೌಸಿಂಗ್ ಮುಖಕ್ಕಿಂತ 10ರಿಂದ 20 ಥೌ ಹೊರಗೆ ಇರಬೇಕು. ಪೂರಾ ಸಮ ಕತ್ತರಿಸಿದರೆ ಜೋಡಿಸಿದಾಗ ನಡುವೆ ಸಂದು ಉಳಿಯುತ್ತದೆ, ಸೋರುತ್ತದೆ. ಹಾಕುವ ಮೊದಲು ಗ್ರಾಫೈಟ್ ಗ್ರೀಸ್ ಸವರಿ. ಒಣ ಹಗ್ಗ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲ ನಿಮಿಷದಲ್ಲೇ ಸುಟ್ಟುಕೊಳ್ಳುತ್ತದೆ.

ಗದಗ ಎರೆಹೊಲ:
ಸರಿ, ಮಾರಿ ಅಂತ ಹೇಳಿದ್ದನ್ನು ವಾಪಸ್ ತೆಗೆದುಕೊಂಡೆ. ಆದರೆ ಒಂದು ಮಾತು ಕೇಳಿ. ಎಂಜಿನ್ ಕಳಚಿ ಬ್ಲಾಕ್ ಲೇತಿಗೆ ಒಯ್ದಿದ್ದೀರಿ, ವಾಪಸ್ ಜೋಡಿಸುವಾಗ ಹುಷಾರು. ಈ ಗಾಡಿಗೆ ಚಾಸಿ ಇಲ್ಲ. ಎಂಜಿನ್ನೇ ಬೆನ್ನೆಲುಬು. ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ ಮೇಲೆ ತೂಗುತ್ತದೆ, ಆದ್ದರಿಂದ ಎಂಜಿನ್ ಹಿಂದಿನ ಭಾಗಕ್ಕೆ ಬೋಲ್ಟ್ ಆಗುವವರೆಗೆ ಮುಂಭಾಗ ಆ ಕಡೆ ಈ ಕಡೆ ಹೊರಳುತ್ತದೆ. ಆಕ್ಸಲ್ ಮತ್ತು ಮೇಲಿನ ಸಪೋರ್ಟ್ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಹೊಡೆಯಲೇಬೇಕು. ನಮ್ಮೂರಲ್ಲಿ ಬೆಣೆ ಇಲ್ಲದೆ ಜಾಕ್ ಮೇಲೆ ನಿಲ್ಲಿಸಿದ್ದರು, ಹೊರಳಿ ಹುಡುಗನ ಕಾಲು ಹೋಯಿತು. ಮೂರು ತಿಂಗಳು ಮಂಚ.

ಪೀಟರ್‌ಬರೊ ಕನ್ನಡಿಗ:
ನಾನು ಹಾಸನದವನು, ಈಗ ಇಂಗ್ಲೆಂಡಿನ ಪೀಟರ್‌ಬರೊದಲ್ಲಿದ್ದೇನೆ. ಪರ್ಕಿನ್ಸ್ ಕಂಪನಿ 1932ರಲ್ಲಿ ಶುರುವಾಗಿದ್ದು ಇದೇ ಊರಲ್ಲಿ. 1959ರಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಅದನ್ನು ಕೊಂಡಿತು, ಆಮೇಲೆ ಅವರ '35' ಅನ್ನುವ ಟ್ರ್ಯಾಕ್ಟರಿಗೆ ಈ ಮೂರು ಸಿಲಿಂಡರ್ ಎಂಜಿನ್ ಬಂತು. ಅದಕ್ಕೂ ಮೊದಲು ಅದರಲ್ಲಿದ್ದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಚಳಿಯಲ್ಲಿ ಸ್ಟಾರ್ಟ್ ಆಗದೆ ರೈತರ ಪ್ರಾಣ ತಿನ್ನುತ್ತಿತ್ತು. ಇಲ್ಲಿನ ಮುದುಕರು ಈಗಲೂ ಅದನ್ನು ಬೈಯುತ್ತಾರೆ. ಮದ್ರಾಸಿನ ಸಿಂಪ್ಸನ್ 1840ರಲ್ಲಿ ಕುದುರೆ ಗಾಡಿ ಕಟ್ಟಲು ಶುರು ಮಾಡಿದ ಕಂಪನಿ, ಅಲ್ಲಿಗೆ ಈ ಎಂಜಿನ್ ಹೋಗಿ ನಮ್ಮ ಹೊಲಕ್ಕೆ ಬಂತು ನೋಡಿ.

ನನ್ನ ಹತ್ತಿರ ಕೊವೆಂಟ್ರಿಯಲ್ಲಿ ಆದ ಒಂದು 35 ಇದೆ, ಸುಮ್ನೆ ಶೋಕಿಗೆ. ಹೇಳಬೇಕಾದ್ದು ಇಷ್ಟೇ: ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲೆಂಡಿನ ಹಳೇ ವೈರಿಂಗ್ ನಕ್ಷೆ ನೋಡಿ ನಿಮ್ಮ ಗಾಡಿಗೆ ವೈರ್ ಜೋಡಿಸಬೇಡಿ. ನನ್ನದರಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗುತ್ತದೆ. ಡೈನಮೋಗೆ ಅದು ನಡೆಯುತ್ತದೆ. ಆಲ್ಟರ್ನೇಟರಿಗೆ ಹಾಗೆ ಉಲ್ಟಾ ಕೊಟ್ಟರೆ ಒಳಗಿನ ಡಯೋಡ್ ಒಂದೇ ಏಟಿಗೆ ಸುಡುತ್ತವೆ.

ಚನ್ನಗಿರಿ ತೋಟ:
ಎಲ್ಲರಿಗೂ ಥ್ಯಾಂಕ್ಸ್. ಆರು ವಾರ ಕಾಣೆಯಾಗಿದ್ದೆ, ಕ್ಷಮಿಸಿ. ಕೆಲಸ ಮುಗಿಯಿತು. ಸ್ಲೀವ್ ಪಿಸ್ಟನ್ ಸೆಟ್, ಬೇರಿಂಗ್, ವಾಲ್ವ್ ಗೈಡ್, ಆಯಿಲ್ ಪಂಪ್, ಗ್ಯಾಸ್ಕೆಟ್ ಸೆಟ್ ಎಲ್ಲಾ ಹೊಸದು. ನಾಝಲ್ ಮತ್ತು ಪಂಪ್ ಟೆಸ್ಟ್ ಬೆಂಚಿನಲ್ಲಿ ಮಾಡಿಸಿದೆ. ಲೇತ್ ಕೂಲಿ ಸೇರಿ ಐವತ್ತು ಸಾವಿರದ ಹತ್ತಿರ ಆಯಿತು, ಮನೆಯಲ್ಲಿ ನಲವತ್ತು ಅಂತ ಹೇಳಿದ್ದೇನೆ.

ಟೈಮಿಂಗ್ ಗೇರ್ ಜೋಡಿಸುವಾಗ ಒಂದು ದಿನ ಪೂರ್ತಿ ಹೋಯಿತು. ಗುರುತು ಕೂರಿಸಿ, ಖುಷಿಗೆ ಎಂಜಿನ್ ಎರಡು ಸುತ್ತು ತಿರುಗಿಸಿ ನೋಡಿದರೆ ನಡುವಿನ ಗೇರಿನ ಗುರುತು ಎಲ್ಲೋ ಹೋಗಿತ್ತು. ಹೆದರಿ ಮತ್ತೆ ಬಿಚ್ಚಿದೆ. ಆಮೇಲೆ ಗೊತ್ತಾಗಿದ್ದು, ನಡುವಿನ ಗೇರಿನ ಹಲ್ಲಿನ ಲೆಕ್ಕ ಬೇರೆ, ಅದರ ಗುರುತು ಪ್ರತಿ ಸುತ್ತಿಗೂ ಕೂಡುವುದಿಲ್ಲ. ಸುಮ್ಮನೆ ಎರಡು ಸಲ ಕೆಲಸ.

ಏರ್ ತೆಗೆಯುವುದೂ ಹಾಗೇ. ಲಿಫ್ಟ್ ಪಂಪಿನ ಕಡ್ಡಿ ಒತ್ತಿ ಒತ್ತಿ ಬೆರಳು ನೋವು ಬಂತು, ಡೀಸೆಲ್ಲೇ ಬರಲಿಲ್ಲ. ಎಂಜಿನ್ ಕಾಲು ಸುತ್ತು ತಿರುಗಿಸಿದ ಮೇಲೆ ಕಡ್ಡಿಗೆ ಬಿಗಿ ಬಂತು. ಪಂಪನ್ನು ಒತ್ತುವ ಕ್ಯಾಮಿನ ಉಬ್ಬಿನ ಮೇಲೆ ನಿಂತಿತ್ತಂತೆ. ಫಿಲ್ಟರ್, ಆಮೇಲೆ ಪಂಪಿನ ಎರಡು ಸ್ಕ್ರೂ, ಕೊನೆಗೆ ನಾಝಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆದೆ. ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) ತಣ್ಣಗಿದ್ದಾಗ 12 ಥೌ ಇಟ್ಟೆ. ಸ್ಟಾರ್ಟ್ ಆಯಿತು! ಆಯಿಲ್ ಪ್ರೆಶರ್ ಬಿಸಿಯಾದ ಮೇಲೂ 45 ಇದೆ. ಬ್ರೀದರ್ ಮೇಲೆ ಕೈ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಗಾಡಿಗೆ ಕೆಂಪು, ಎಂಜಿನ್‌ಗೆ ಬೂದು ಬಣ್ಣ ಹೊಡೆಸಿದೆ, ಮದುಮಗನ ಥರ ಇದೆ.

ಆದರೆ ಸ್ಟಾರ್ಟ್ ಆಗಿದ್ದು ಎಳೆದಿದ್ದಕ್ಕೆ. ಸೆಲ್ಫ್ ಮೊದಲಿಗಿಂತ ನಿಧಾನ. ಮೇಸ್ತ್ರಿ 'ಹೊಸ ಎಂಜಿನ್ ಟೈಟ್ ಇದೆ, ಸೆಲ್ಫ್ ಮೋಟರೂ ಹೋಗಿದೆ, ಹೊಸದು ಹಾಕೋಣ' ಅಂದರು. ಇನ್ನೊಂದು, ಎಂಟು ಗಂಟೆ ಸ್ಲೋದಲ್ಲಿ ಬಿಡಿ, ರಿಂಗ್ ಕೂರಲಿ ಅಂದಿದ್ದಾರೆ. ಹೌದಾ?

ಹುಬ್ಬಳ್ಳಿ ಲೇತ್:
ಬೇಡ ಬೇಡ. ಈ ಮಾತು ಎಲ್ಲಾ ಕಡೆ ಓಡಾಡುತ್ತಿದೆ. ರಿಂಗ್ ಗೋಡೆಗೆ ಒತ್ತಿ ಕೂರುವುದು ಅದರ ಹಿಂದೆ ಗ್ಯಾಸಿನ ಒತ್ತಡ ಹೋದಾಗ, ಅಂದರೆ ಲೋಡ್ ಇದ್ದಾಗ. ಸ್ಲೋದಲ್ಲಿ ಬಿಟ್ಟರೆ ಹೋನಿಂಗ್ ಗೆರೆಯ ಮೇಲೆ ಆಯಿಲ್ ಸುಟ್ಟು ಮೆರುಗು ಹಿಡಿಯುತ್ತದೆ. ಆಮೇಲೆ ಹೊಸ ಎಂಜಿನ್ನೂ ಆಯಿಲ್ ಕುಡಿಯುತ್ತದೆ. ಹತ್ತು ನಿಮಿಷ ಬಿಸಿ ಮಾಡಿ, ಸೋರುವುದು ನೋಡಿ, ಟ್ರೇಲರ್ ಅರ್ಧ ತುಂಬಿ ರಸ್ತೆಗೆ ಇಳಿಸಿ. ಒಂದೇ ಸ್ಪೀಡಿನಲ್ಲಿ ಓಡಿಸಬೇಡಿ. ರೋಟವೇಟರ್ ಮಾತ್ರ ಈಗಲೇ ಬೇಡ. 40 ಗಂಟೆ ಹೊತ್ತಿಗೆ ಆಯಿಲ್ ಬದಲಿಸಿ, ಹೆಡ್ ಮತ್ತೆ ಟೈಟ್ ನೋಡಿ, ಟ್ಯಾಪೆಟ್ ಮತ್ತೆ ಇಡಿ. ಹೆಡ್ ಟೈಟ್ ಆದರೆ ಟ್ಯಾಪೆಟ್ ಗ್ಯಾಪ್ ಬದಲಾಗುತ್ತದೆ. ಅದಕ್ಕೇ ಈ ಕ್ರಮ. ಸೆಲ್ಫ್ ವಿಷಯ ನನಗೆ ಬರುವುದಿಲ್ಲ.

ಕರೆಂಟ್ ಕೆಲಸ ಮಂಡ್ಯ:
ಸೆಲ್ಫ್ ಮೋಟರ್ ತಗೋಬೇಡಿ ಅಣ್ಣ, ಸ್ವಲ್ಪ ತಡೀರಿ. ಒಂದು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ತನ್ನಿ. ಡಿಸಿ 20 ವೋಲ್ಟಿಗೆ ಇಡಿ. ಸ್ಟಾಪ್ ನಾಬ್ ಎಳೆದು ಹಿಡಿಯಲು ಒಬ್ಬರನ್ನು ಕೂರಿಸಿ, ಎಂಜಿನ್ ಹಚ್ಚಿಕೊಳ್ಳಬಾರದು. ಅವರು ಸೆಲ್ಫ್ ಹೊಡೆಯುತ್ತಿರುವಾಗಲೇ ನಾಲ್ಕು ಕಡೆ ಅಳೆಯಿರಿ. ಬ್ಯಾಟರಿಯ ಎರಡು ಕಂಬದ ನಡುವೆ, ಅಂದರೆ ಸೀಸದ ಕಂಬಕ್ಕೇ ಮುಳ್ಳು ಇಡಿ, ಕ್ಲಾಂಪಿಗಲ್ಲ. ಎರಡನೆಯದು ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ. ಮೂರನೆಯದು ನೆಗೆಟಿವ್ ಕಂಬದಿಂದ ಸೆಲ್ಫ್ ಮೋಟರಿನ ಬಾಡಿಗೆ, ಬಣ್ಣ ಕೆರೆದು. ಕೊನೆಗೆ ಆ ದಪ್ಪ ಬೋಲ್ಟಿನಿಂದ ಮೋಟರಿನ ಬಾಡಿಗೆ. ಒಂದೊಂದಕ್ಕೂ ಐದು ಸೆಕೆಂಡ್ ಸಾಕು, ನಡುವೆ ತಣ್ಣಗಾಗಲು ಬಿಡಿ.

ಇನ್ನೊಂದು, ಗೇರ್ ನ್ಯೂಟ್ರಲ್ ಇದ್ದರೆ ಮಾತ್ರ ಸೆಲ್ಫ್ ಹೊಡೆಯುವ ಹಾಗೆ ಒಂದು ಸ್ವಿಚ್ ಇರಬೇಕು. ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಅದನ್ನು ಕಿತ್ತು ವೈರ್ ಸೇರಿಸಿರುತ್ತಾರೆ. ಗಾಡಿ ಮುಂದೆ ನಿಲ್ಲಬೇಡಿ.

ಚನ್ನಗಿರಿ ತೋಟ:
ಅಳೆದೆ. ಸುಮ್ಮನಿದ್ದಾಗ ಬ್ಯಾಟರಿ 12.5. ಸೆಲ್ಫ್ ಹೊಡೆದಾಗ ಕಂಬದಿಂದ ಕಂಬಕ್ಕೆ 10.8. ಪಾಸಿಟಿವ್ ಕಡೆ 0.4. ನೆಗೆಟಿವ್ ಕಡೆ 2.5. ಬೋಲ್ಟಿನಿಂದ ಬಾಡಿಗೆ 7.9. ಇದರ ಅರ್ಥ ಏನು?

ಮತ್ತೆ ಆ ಸ್ವಿಚ್ಚು ಹೌದು, ಕಿತ್ತು ವೈರ್ ತಿರುಚಿ ಟೇಪ್ ಸುತ್ತಿದ್ದಾರೆ.

ಕರೆಂಟ್ ಕೆಲಸ ಮಂಡ್ಯ:
ಕೂಡಿ ನೋಡಿ. 0.4 ಮತ್ತು 2.5 ಸೇರಿ 2.9. 10.8ರಲ್ಲಿ ಅದನ್ನು ಕಳೆದರೆ 7.9. ಲೆಕ್ಕ ಸರಿಯಾಗಿ ಬಂತು. ಬ್ಯಾಟರಿ ಕೊಟ್ಟಿದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತಿದೆ. ನೆಗೆಟಿವ್ ಕಡೆ ಅರ್ಧ ವೋಲ್ಟ್ ಹೋದರೇ ಜಾಸ್ತಿ, ನಿಮ್ಮದು ಎರಡೂವರೆ. ಮೋಟರ್ ಚೆನ್ನಾಗಿದೆ, ಅದಕ್ಕೆ ಊಟ ಹೋಗುತ್ತಿಲ್ಲ ಅಷ್ಟೇ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿ ಎಲ್ಲಿಗೆ ಬೋಲ್ಟ್ ಆಗಿದೆ? ನೀವು ಬಣ್ಣ ಹೊಡೆಸಿದ್ದು ಪಟ್ಟಿ ಹಾಕುವ ಮೊದಲೋ ಆಮೇಲೋ?

ಚನ್ನಗಿರಿ ತೋಟ:
ಮೊದಲು. ಅಯ್ಯೋ.

ಬ್ಯಾಟರಿ ಪೆಟ್ಟಿಗೆಯ ತಗಡಿಗೆ ಬೋಲ್ಟ್ ಮಾಡಿದ್ದೆವು. ಬಿಚ್ಚಿ ನೋಡಿದರೆ ಕೆಳಗೆ ಪ್ರೈಮರ್, ಮೇಲೆ ಎರಡು ಕೋಟ್ ಕೆಂಪು, ಅದರ ಮೇಲೆ ಪಟ್ಟಿ. ಕರೆಂಟು ಬೋಲ್ಟಿನ ಥ್ರೆಡ್ಡಿನಿಂದ ಮಾತ್ರ ಹೋಗುತ್ತಿತ್ತು ಅನ್ನಿಸುತ್ತದೆ. ಬೋಲ್ಟ್ ಮುಟ್ಟಿದರೆ ಬಿಸಿ. ಬಣ್ಣ ಹೊಡೆಯುವ ಮೊದಲು ಅದೇ ಜಾಗದಲ್ಲಿ ತುಕ್ಕು ಇತ್ತು. ಬಿಸಿ ಎಂಜಿನ್ನಿನಲ್ಲಿ ಎಮ್ಮೆ ಆಗುತ್ತಿದ್ದುದಕ್ಕೂ ಅದೇ ಕಾರಣ ಇರಬೇಕು.

ಹೊಸ ದಪ್ಪ ಕೇಬಲ್ ತಂದು, ನೆಗೆಟಿವ್‌ನಿಂದ ನೇರ ಸೆಲ್ಫ್ ಮೋಟರಿನ ಫ್ಲೇಂಜ್ ಬೋಲ್ಟಿಗೇ ಕೊಟ್ಟೆ. ಕಬ್ಬಿಣ ಹೊಳೆಯುವವರೆಗೆ ಬಣ್ಣ ಕೆರೆದು, ಮೇಲೆ ಗ್ರೀಸ್ ಸವರಿದೆ. ಈಗ ಬ್ಯಾಟರಿ 10.2, ಮೋಟರಿನಲ್ಲಿ 9.6. ಅರ್ಧ ಸುತ್ತಿಗೇ ಹಿಡಿಯುತ್ತದೆ. ಮೇಸ್ತ್ರಿಗೆ ತೋರಿಸಿದೆ, 'ಎಂಜಿನ್ ಲೂಸ್ ಆಗಿರಬೇಕು' ಅಂದರು.

ಗದಗ ಎರೆಹೊಲ:
ಲೂಸ್ ಅಂದಿದ್ದು ಕೇಳಿ ನಕ್ಕು ಸಾಕಾಯಿತು. ಆದರೆ ಬ್ಯಾಟರಿ ಕಂಬದಲ್ಲಿ ಮೊದಲು 10.8 ಇದ್ದಿದ್ದು ಈಗ 10.2ಕ್ಕೆ ಇಳಿಯಿತಲ್ಲ, ಅದು ಕೆಟ್ಟದ್ದಲ್ವಾ?

ಕರೆಂಟ್ ಕೆಲಸ ಮಂಡ್ಯ:
ಅಲ್ಲ. ದಾರಿ ಬಿಟ್ಟಿದ್ದಕ್ಕೆ ಮೋಟರ್ ಈಗ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಅದಕ್ಕೆ ಬ್ಯಾಟರಿ ಇಳಿಯುತ್ತದೆ. ಮೊದಲು ಎಳೆಯಲು ಆಗುತ್ತಿರಲಿಲ್ಲ. ಒಂಬತ್ತೂವರೆ ಕೆಳಗೆ ಇಳಿದರೆ ಬ್ಯಾಟರಿ ನೋಡಬೇಕು.

ಎರಡು ದಿನಕ್ಕೆ ಸಾಯುವುದು ಉಳಿಯಿತು. ಕೀ ಆಫ್ ಮಾಡಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿಟ್ಟು ಸೇರಿಸಿ. ಹಾಗಿರುವಾಗ ಅಪ್ಪಿ ತಪ್ಪಿ ಸೆಲ್ಫ್ ಹೊಡೆಯಬೇಡಿ.

ಚನ್ನಗಿರಿ ತೋಟ:
ತಮ್ಮ ಸೆಲ್ಫ್ ಹೊಡೆದ. ಮೀಟರಿನ ಫ್ಯೂಸ್ ಹೋಯಿತು. ನಾಳೆ ಪೇಟೆಗೆ ಹೋಗಬೇಕು.

ಚನ್ನಗಿರಿ ತೋಟ:
ಫ್ಯೂಸ್ ಹಾಕಿದೆ. ಕೀ ಆಫ್, ಲೈಟ್ ಎಲ್ಲಾ ಆಫ್, 2.8 ಆಂಪಿಯರ್ ಹೋಗುತ್ತಿದೆ! ಏನೂ ಉರಿಯುತ್ತಿಲ್ಲ. ಹಾರ್ನ್ ವೈರ್ ಬಿಚ್ಚಿದೆ, ಲೈಟ್ ಸ್ವಿಚ್ ಬಿಚ್ಚಿದೆ, ಹಾಗೇ ಇದೆ.

ಅಮ್ಮ ಒಂದು ಮಾತು ಹೇಳಿದರು, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಮಳೆಗಾಲದಲ್ಲಿ ಮನೆ ಬೆಕ್ಕು ರಾತ್ರಿ ಎಲ್ಲಾ ಟ್ರ್ಯಾಕ್ಟರಿನ ಬಾನೆಟ್ ಒಳಗೆ ಮಲಗುತ್ತದೆ, ಎಂಜಿನ್ ಓಡಿಸಿ ನಾಲ್ಕು ದಿನ ಆಗಿದ್ದರೂ.

ಕರೆಂಟ್ ಕೆಲಸ ಮಂಡ್ಯ:
ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ. ಬೆಕ್ಕು ಮಲಗುವುದು ಆಲ್ಟರ್ನೇಟರ್ ಪಕ್ಕ. ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಂದು ಸಣ್ಣ ಸ್ಪ್ಯಾನರನ್ನು ಪುಲ್ಲಿ ಹತ್ತಿರ ಒಯ್ಯಿರಿ, ಕೀ ಆಫ್ ಇದ್ದಾಗಲೇ. ಎಳೆದುಕೊಂಡರೆ ಒಳಗಿನ ರೋಟರಿಗೆ (ಕರೆಂಟ್ ಕೊಟ್ಟರೆ ಅಯಸ್ಕಾಂತ ಆಗುವ ತಿರುಗುವ ಭಾಗ) ಹಗಲು ರಾತ್ರಿ ಕರೆಂಟ್ ಹೋಗುತ್ತಿದೆ ಅಂತ ಲೆಕ್ಕ. ಎಂಬತ್ತು ಆಂಪಿಯರ್ ಅವರ್ ಬ್ಯಾಟರಿ ಆದರೆ 2.8ಕ್ಕೆ ಒಂದೂಕಾಲು ದಿನ ಬರುವುದೇ ಹೆಚ್ಚು.

ಚನ್ನಗಿರಿ ತೋಟ:
ಟಕ್ ಅಂತ ಅಂಟಿಕೊಂಡಿತು!! ಬೆಚ್ಚಗೂ ಇದೆ.

ಕರೆಂಟ್ ಕೆಲಸ ಮಂಡ್ಯ:
ಹಾಗಾದರೆ ಹೀಗೆ ಆಗಿದೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದವರು ದಪ್ಪ ವೈರ್ ಬ್ಯಾಟರಿಗೆ ಕೊಟ್ಟಿದ್ದಾರೆ, ಅದು ಸರಿ. ಇನ್ನೊಂದು ಸಣ್ಣ ಟರ್ಮಿನಲ್ ಇರುತ್ತದೆ. ಅದು ಕೀ ಸ್ವಿಚ್‌ನಿಂದ, ಡ್ಯಾಶ್ ಬೋರ್ಡಿನ ಚಾರ್ಜಿಂಗ್ ಬಲ್ಬಿನ ಮೂಲಕ ಬರಬೇಕು. ಆ ಬಲ್ಬ್ ಬರೀ ತೋರಿಸುವುದಕ್ಕಲ್ಲ. ಅದರಿಂದ ಹೋಗುವ ಚೂರು ಕರೆಂಟೇ ರೋಟರನ್ನು ಎಬ್ಬಿಸುವುದು. ಎಂಜಿನ್ ಓಡಿದ ಮೇಲೆ ಆಲ್ಟರ್ನೇಟರ್ ತನ್ನ ಕರೆಂಟ್ ತಾನೇ ತೆಗೆದುಕೊಳ್ಳುತ್ತದೆ, ಬಲ್ಬ್ ಆರುತ್ತದೆ. ನಿಮ್ಮದರಲ್ಲಿ ಬಲ್ಬ್ ಹೋಗಿತ್ತೋ ಏನೋ, ಅದರ ವೈರನ್ನು ಸೀದಾ ಬ್ಯಾಟರಿಗೆ ತಂದು ಕಟ್ಟಿದ್ದಾರೆ. ಚಾರ್ಜ್ ಆಗುತ್ತದೆ ನಿಜ, ಆದರೆ ಯಾವತ್ತೂ ಆರುವುದಿಲ್ಲ.

ಆ ಸಣ್ಣ ವೈರ್ ಬ್ಯಾಟರಿಯಿಂದ ಬಿಡಿಸಿ, ಕೀ ಸ್ವಿಚ್ಚಿನ ಆನ್ ಕಡೆಯಿಂದ 12 ವೋಲ್ಟ್, 2.2 ವ್ಯಾಟಿನ ಬಲ್ಬ್ ಮೂಲಕ ಕೊಡಿ. ಎಲ್‌ಇಡಿ ಹಾಕಬೇಡಿ, ಅದರಲ್ಲಿ ಹೋಗುವ ಕರೆಂಟ್ ಸಾಲದು. ನೆನಪಿರಲಿ, ಇದು ಡೀಸೆಲ್, ಸ್ಟಾಪ್ ನಾಬ್ ಎಳೆದರೆ ನಿಲ್ಲುತ್ತದೆ, ಕೀ ಆಫ್ ಮಾಡುವುದು ಎಲ್ಲರಿಗೂ ಮರೆಯುತ್ತದೆ. ಈಗ ಬಲ್ಬ್ ಉರಿಯುತ್ತಿರುವುದು ಕಂಡರೆ ನೆನಪಾಗುತ್ತದೆ. ಮತ್ತೆ ನ್ಯೂಟ್ರಲ್ ಸ್ವಿಚ್ ಹಾಕಿಸಿ, ಅದನ್ನು ನಾಳೆ ನಾಳೆ ಅನ್ನಬೇಡಿ.

ಚನ್ನಗಿರಿ ತೋಟ:
ಮಾಡಿದೆ. ಕೀ ಆಫ್ ಮಾಡಿದರೆ ಮೀಟರ್ ಸೊನ್ನೆ. ಓಡುವಾಗ ಬ್ಯಾಟರಿಯಲ್ಲಿ 14.1. ನ್ಯೂಟ್ರಲ್ ಸ್ವಿಚ್ಚೂ ಹಾಕಿಸಿದೆ. ಐದು ದಿನ ನಿಲ್ಲಿಸಿ ಬೆಳಿಗ್ಗೆ ಹೊಡೆದರೆ ಒಂದೇ ಸಲಕ್ಕೆ ಹಿಡಿಯಿತು. ಅಪ್ಪ ಜಗುಲಿಯಿಂದ ಎದ್ದು ಬಂದು, ಏನೂ ಮಾತಾಡದೆ, ಒಂದು ಸುತ್ತು ಗದ್ದೆ ಕಡೆ ಓಡಿಸಿಕೊಂಡು ಬಂದರು. ಬೆಕ್ಕು ಬಚ್ಚಲೊಲೆ ಪಕ್ಕಕ್ಕೆ ಹೋಗಿದೆ.

ಹಗ್ಗದ ಸೀಲ್ ಮಾತ್ರ ರಾತ್ರಿಗೆ ಒಂದು ತೊಟ್ಟು ಬೀಳಿಸುತ್ತಿದೆ.

ಹುಬ್ಬಳ್ಳಿ ಲೇತ್:
ಒಂದು ತೊಟ್ಟಿಗೆ ಬಿಚ್ಚಬೇಡಿ. 40 ಗಂಟೆ ಓಡಲಿ, ಹಗ್ಗ ಕೂರುತ್ತದೆ. ಹೆಚ್ಚಾದರೆ ಹೇಳಿ.

ಚನ್ನಗಿರಿ ತೋಟ:
ಸರಿ. ಮಂಡ್ಯದ ಅಣ್ಣ, ಕೊನೇದು ಒಂದು. ರಾತ್ರಿ ಲೈಟ್ ಹಾಕಿ ಎಡಗಡೆ ಇಂಡಿಕೇಟರ್ ಹಾಕಿದರೆ, ಅದರ ಜೊತೆ ಹೆಡ್‌ಲೈಟೂ ಮಿಣಕ್ ಮಿಣಕ್ ಅನ್ನುತ್ತದೆ. ಹೊಸ ಸ್ವಿಚ್ ತರಲಾ?

ಕರೆಂಟ್ ಕೆಲಸ ಮಂಡ್ಯ:
ಮಡ್‌ಗಾರ್ಡಿಗೂ ಬಣ್ಣ ಹೊಡೆಸಿದ್ದೀರಾ?

ಚನ್ನಗಿರಿ ತೋಟ:
ಹೊಡೆಸಿದ್ದೇನೆ. ಮೀಟರ್ ತರುತ್ತೇನೆ, ತಡೀರಿ.